ಅಜ್ಜನ ಸೀಸೆ, ಆಸ್ಪತ್ರೆಯ ಹಸಿರು ದೀಪ

ಬೆಲ್ಲದ ಕೊಪ್ಪರಿಗೆ ಮುಂದೆ ನಿಂತವನಿಗೆ ಎರಡು ಕಣ್ಣು ಸಾಲದು ಅಂತ ನಮ್ಮ ಕಡೆ ಹೇಳುತ್ತಾರೆ. ನನಗೆ ಒಂದೇ ಸಾಕು ಅಂತ ನಾನು ಜಂಬ ಕೊಚ್ಚುತ್ತಿದ್ದೆ. ಹಾಗೆ ಹೇಳಬಾರದಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಇರುವ ಆಲೆಮನೆಯಲ್ಲಿ ನಾನು ಬೆಲ್ಲ ಕಾಯಿಸುವವನು. ಏಳನೇ ಕ್ಲಾಸಿನ ನಡುವೆ ಸ್ಕೂಲು ಬಿಟ್ಟು ಬಂದು ಮೊದಲು ಕಬ್ಬಿನ ಸಿಪ್ಪೆ ಒಣಗಿಸಿದೆ. ಆಮೇಲೆ ಆ ಸಿಪ್ಪೆಯನ್ನು ಒಲೆಗೆ ನೂಕಿದೆ. ಆಮೇಲೆ ಗಾಣಕ್ಕೆ ಕಬ್ಬು ಕೊಟ್ಟೆ. ಕೊಪ್ಪರಿಗೆ ಮುಂದೆ ನಿಂತು, ಪಾಕ ತಿರುಗಿಸುವ ಮರದ ಹುಟ್ಟು ಹಿಡಿಯುವ ಹೊತ್ತಿಗೆ ಮೀಸೆ ಪೂರ್ತಿ ಬಂದಿತ್ತು. ಅಲ್ಲಿಂದ ಇಲ್ಲಿಗೆ ಮೂವತ್ತು ವರ್ಷ. ಕಬ್ಬಿನ ಹಾಲು ಕುದಿದು ಪಾಕವಾಗಿ, ಆ ಪಾಕ ಹದಕ್ಕೆ ಬರುವ ಗಳಿಗೆ ಯಾವ ಗಡಿಯಾರದಲ್ಲೂ ಇಲ್ಲ. ದೊಡ್ಡ ನೊರೆ ಸಣ್ಣ ನೊರೆ ಆಗಬೇಕು, ಬಣ್ಣ ತಿರುಗಬೇಕು, ಆಗ ಕಣ್ಣಲ್ಲಿ ನೋಡಿ ‘ಇಳಿಸ್ರಲಾ’ ಅನ್ನಬೇಕು. ಒಂದು ನಿಮಿಷ ಮುಂಚೆ ಅಂದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ. ಒಂದು ನಿಮಿಷ ತಡ ಮಾಡಿದರೆ ಕರ್ರಗಾಗುತ್ತದೆ, ಮಂಡ್ಯದ ಮಂಡಿಯಲ್ಲಿ ಅದನ್ನು ಮೂಸಿ ನೋಡುವವರೂ ಇಲ್ಲ. ಈ ಒಂದು ಮಾತು ಹೇಳುವ ಅಧಿಕಾರಕ್ಕೆ ನಾನು ಅಷ್ಟು ವರ್ಷ ದುಡಿದಿದ್ದೆ.

ಒಂದು ಬೆಳಿಗ್ಗೆ ಕಬ್ಬು ಹೇರಿದ ಟ್ರಾಕ್ಟರ್ ಪಕ್ಕ ಹಾದುಹೋಗುವಾಗ ಒಂದು ಗರಿ ಸರ್ರನೆ ನನ್ನ ಬಲಗಣ್ಣನ್ನು ಸವರಿಕೊಂಡು ಹೋಯಿತು. ಕಬ್ಬಿನ ಗರಿಯ ಅಂಚು ಗರಗಸ ಇದ್ದ ಹಾಗೆ. ನೀರು ಎರಚಿಕೊಂಡೆ, ಟವೆಲ್ಲಿನಿಂದ ಒತ್ತಿಕೊಂಡೆ, ಅವತ್ತಿನ ನಾಲ್ಕು ಕೊಪ್ಪರಿಗೆಯನ್ನೂ ಇಳಿಸಿಯೇ ಮನೆಗೆ ಹೋದೆ. ಮಾರನೆಯ ದಿನ ಕಣ್ಣು ತೆರೆಯಲು ಆಗಲಿಲ್ಲ.

ನನ್ನ ಹೆಂಡತಿ ಕೈಯಲ್ಲಿ ಸಣ್ಣ ಬಟ್ಟಲು ಹಿಡಿದು ನಿಂತಿದ್ದಳು.

“ಎದುರ್ ಮನೆ ಸೊಸೆ ಬಾಣಂತಿ ಅವ್ಳೆ. ಎರಡ್ ತೊಟ್ಟು ಎದೆಹಾಲು ಇಸ್ಕಬತ್ತೀನಿ. ಬುಟ್ಕಂಡ್ರೆ ಉರಿ ನಿಂತೋಯ್ತದೆ” ಅಂದಳು.

“ಲೇ, ಐವತ್ ವರ್ಸದ್ ಗಂಡಸು ಕಣೇ ನಾನು. ನಾಳೆ ಆ ಮನೆ ಮುಂದೆ ಎಂಗ್ ತಿರ್ಗಾಡ್ಲಿ?”

“ಕಣ್ ಮುಚ್ಕಂಡು ತಿರ್ಗಾಡು. ಎಂಗಿದ್ರೂ ಮುಚ್ಚೇ ಐತಲ್ಲ.”

ಆ ಬಟ್ಟಲಿನಿಂದ ತಪ್ಪಿಸಿಕೊಳ್ಳಲು ಹೊರಗೆ ಜಗಲಿಗೆ ಬಂದರೆ ಪಕ್ಕದ ಮನೆಯ ಅಜ್ಜ ಕೂತಿದ್ದ. ಹಿಂದಿನ ವರ್ಷ ಅಜ್ಜನ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಅಂದಿನಿಂದ ನಮ್ಮ ಬೀದಿಯಲ್ಲಿ ಕಣ್ಣಿನ ವಿಷಯಕ್ಕೆಲ್ಲ ಅವನದೇ ತೀರ್ಪು.

“ಬಾರ್ಲಾ ಇಲ್ಲಿ. ಅದೇನ್ಲಾ ಕಣ್ಣಾ, ಕೆಂಪ್ ಮೆಣ್ಸಿನ್ಕಾಯಾ?” ಅಂದವನು ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆ ತಂದ. ಅರ್ಧ ಖಾಲಿಯಾಗಿತ್ತು. “ಆಪ್ರೇಸನ್ ಆದಾಗ ಕೊಟ್ಟಿದ್ ಔಸ್ತಿ ಕಣ್ಲಾ. ನನ್ನದು ಕುಯ್ದಿದ್ ಕಣ್ಣು, ಅದೇ ವಾಸಿಯಾಯ್ತು. ನಿಂದು ಬರೀ ಗೀರಿದ್ ಕಣ್ಣು.”

ಈ ಲೆಕ್ಕದಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಕುಯ್ದದ್ದನ್ನು ವಾಸಿ ಮಾಡುವ ಔಷಧಿಗೆ ಗೀರಿದ್ದು ಯಾವ ಲೆಕ್ಕ? ಹಾಕಿಕೊಂಡೆ. ತಣ್ಣಗಾಯಿತು. ಎರಡೇ ದಿನದಲ್ಲಿ ಕೆಂಪು ಇಳಿದು ಕಣ್ಣು ಬೆಳ್ಳಗಾಯಿತು. ಮೂರನೆಯ ದಿನ ಕೊಪ್ಪರಿಗೆ ಮುಂದೆ ನಿಂತು, ಸಣ್ಣಪುಟ್ಟದಕ್ಕೆಲ್ಲ ಆಸ್ಪತ್ರೆಗೆ ಓಡುವವರನ್ನು ಕುರಿತು ಅರ್ಧ ಗಂಟೆ ಮಾತಾಡಿದೆ.

ಹತ್ತು ದಿನ ಕಳೆದ ಮೇಲೆ ಕಣ್ಣಿನ ಕಪ್ಪು ಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ಬಂತು. ನೋವು ತಲೆಯವರೆಗೂ ಹತ್ತಿತು. ಬಲ್ಬು ನೋಡಿದರೆ ಅದರ ಸುತ್ತ ಇನ್ನೊಂದು ಬಲ್ಬು. ನಾನು ಯಾರಿಗೂ ಹೇಳಲಿಲ್ಲ. ಹೇಳಿದವನು ನನ್ನ ಬಾಮೈದ. ಅವನು ಅದೇ ಆಲೆಮನೆಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ. ಆಲೆಮನೆ ಯಜಮಾನರು ಪಕ್ಕದಲ್ಲೇ ಇರುವಾಗ ಕೂಗಿದ:

“ಬಾವಾ, ಏನ್ ನೋಡ್ತಿದ್ದೀಯ? ತಳ ಅತ್ತೈತೆ!”

ನಿಜವಾಗಿಯೂ ತಳ ಹತ್ತಿತ್ತು. ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಕೊಪ್ಪರಿಗೆ ಪೂರ್ತಿ ಹಾಳಾದದ್ದು ಅದೇ ಮೊದಲು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖ ಬೆಳಕಿಗೆ ತಿರುಗಿಸಿ ನೋಡಿ, “ಓಗಿ ಕಣ್ ತೋರ್ಸ್ಕಂಡ್ ಬಾರಪ್ಪ. ಅಲ್ಲೀಗಂಟ ನಿನ್ ಬಾಮೈದ ಹದ ನೋಡ್ಕತಾನೆ. ಕಣ್ ಸರಿ ಓಗ್ಲಿಲ್ಲ ಅಂದ್ರೆ ಅವ್ನೇ ಇರ್ಲಿ ಬುಡು” ಅಂದರು. ಹುಟ್ಟನ್ನು ನನ್ನ ಕೈಯಿಂದ ತೆಗೆದು ಅವನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದ ರೀತಿ ನೋಡಿದರೆ ಹುಟ್ಟಿದಾಗಲೇ ಹಿಡಿದು ಬಂದವನ ಹಾಗೆ.

ಮಂಡ್ಯದ ಕಣ್ಣು ಡಾಕ್ಟರು ಒಂದು ಸಲ ನೋಡಿದವರೇ ಮೈಸೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ನನಗೆ ಸಿಕ್ಕವರು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಕಣ್ಣಿಗೆ ಮರಗಟ್ಟುವ ಹನಿ ಬಿಟ್ಟು, ಆ ಬಿಳಿ ಚುಕ್ಕೆಯಿಂದ ಚೂರು ಕೆರೆದು, ಪರೀಕ್ಷೆ ಮಾಡಿಸಿ ಬಂದರು.

“ಬೂಷ್ಟು ಬೆಳೆದಿದೆ, ಯಜಮಾನ್ರೇ. ಗರಿಯ ಜೊತೆ ಒಳಗೆ ಹೋಗಿರುತ್ತೆ.”

“ಬೂಷ್ಟಾ? ಉಪ್ಪಿನ್ಕಾಯ್ಗೆ ಬತ್ತದಲ್ಲ, ಅದಾ? ನಾನು ದಿನಾ ಬೆಂಕಿ ಮುಂದೆ ನಿಲ್ಲೋನು ಕಣವ್ವ. ನನ್ ಮೈಮೇಲೆ ಬೂಷ್ಟು ಎಂಗ್ ಬಂದಾತು?”

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: “ಇದಕ್ಕೆ ಮುಂಚೆ ಬೇರೆ ಯಾವುದಾದರೂ ಹನಿ ಹಾಕಿಕೊಂಡಿದ್ರಾ?”

“ಇಲ್ಲ” ಅಂದೆ.

ಅಜ್ಜನ ಸೀಸೆಯ ಕತೆ ಹೇಳುವುದೆಂದರೆ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅಂತ ಹಣೆ ಮೇಲೆ ಬರೆದುಕೊಂಡು ನಿಂತ ಹಾಗೆ ಅನ್ನಿಸಿತು. ಆ ಹುಡುಗಿ ಅಷ್ಟು ಓದಿದವಳು. ನಾನು ಅವಳ ಮುಂದೆ ಸ್ವಲ್ಪ ಎತ್ತರ ಕಾಣಬೇಕಿತ್ತು.

ಬೂಷ್ಟಿನ ಔಷಧಿ ಕೊಟ್ಟರು. ಬಿಳೀ ಹಾಲಿನಂಥ ಹನಿ, ಗಂಟೆಗೊಂದು ಸಲ. ನನ್ನ ಹೆಂಡತಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಒಂದು ಗಂಟೆಯನ್ನೂ ತಪ್ಪಿಸಲಿಲ್ಲ. ಅಲಾರಂ ಹೊಡೆದರೆ ನಮ್ಮ ಮನೆಯ ಎಮ್ಮೆಯೂ ನನ್ನ ಕಡೆ ತಿರುಗಿ ನೋಡುತ್ತಿತ್ತು. ಆ ಹನಿ ಬಿದ್ದರೆ ಕಣ್ಣು ಉರಿಯುತ್ತಿತ್ತು. ಅಜ್ಜನ ಹನಿ ಬಿದ್ದರೆ ತಣ್ಣಗಾಗುತ್ತಿತ್ತು. ಹಾಗಾಗಿ ನಾನು ದಿನಕ್ಕೆ ಎರಡು ಸಲ ಕೊಟ್ಟಿಗೆಯ ಹಿಂದೆ ಹೋಗಿ ಅಜ್ಜನ ಸೀಸೆಯನ್ನೂ ಬಿಟ್ಟುಕೊಳ್ಳುತ್ತಿದ್ದೆ. ಉರಿಸುವುದೂ ಔಷಧಿ, ತಣಿಸುವುದೂ ಔಷಧಿ. ಎರಡೂ ಎತ್ತು ಕಟ್ಟಿದರೆ ಗಾಡಿ ಬೇಗ ಹೋಗುತ್ತದೆ ಅಂತ ನನ್ನ ಅಂದಾಜು. ಒಂದು ಎತ್ತು ಹಿಂದಕ್ಕೆ ಎಳೆಯುತ್ತಿದೆ ಅಂತ ಗೊತ್ತಿರಲಿಲ್ಲ.

ಮೂರು ವಾರ ಕಳೆಯಿತು. ಚುಕ್ಕೆ ಕುಗ್ಗಲಿಲ್ಲ, ಬದಲಿಗೆ ಅಗಲವಾಯಿತು. ಡಾಕ್ಟರಮ್ಮ ಯಂತ್ರದ ಮುಂದೆ ನನ್ನ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು.

“ಭಾರೀ ಹಠಮಾರಿ ಬೂಷ್ಟು ನಿಮ್ಮದು” ಅಂದರು.

ಒಳ್ಳೆಯ ಸುದ್ದಿ ಅಲ್ಲ ಅಂತ ಗೊತ್ತಿದ್ದರೂ ನನಗೆ ಒಳಗೊಳಗೇ ಒಂದು ಹೆಮ್ಮೆಯಾಯಿತು. ಹೊರಗೆ ಬಂದು ಹೆಂಡತಿಗೂ ಹೇಳಿದೆ. “ನಿನ್ ಕಣ್ಣಾಗ್ ಬೆಳ್ದಿದ್ದು ಇನ್ನೆಂಗಿದ್ದಾತು?” ಅಂದಳು.

ಒಳಗೆ ಕೂರಿಸಿಕೊಂಡು ಡಾಕ್ಟರಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು. ಬರೀ ಹನಿಗೆ ಬಗ್ಗದ ಬೂಷ್ಟಿಗೆ ಬೆಳಕಿನ ಚಿಕಿತ್ಸೆ ಅಂತ ಒಂದಿದೆ. ಕಣ್ಣಿಗೆ ಗುಲಾಬಿ ಬಣ್ಣದ ದ್ರವ ಬಿಡುತ್ತಾರೆ. ಆ ಬಣ್ಣ ಬೂಷ್ಟಿಗೆ ಹಿಡಿಯುತ್ತದೆ. ಆಮೇಲೆ ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಬಣ್ಣ ಕೆಲಸ ಶುರು ಮಾಡಿ ಬೂಷ್ಟನ್ನು ಸಾಯಿಸುತ್ತದೆ. ಬೆಳಕಿಲ್ಲದೆ ಬಣ್ಣ ಸುಮ್ಮನೆ ಬಣ್ಣ, ಬಣ್ಣವಿಲ್ಲದೆ ಬೆಳಕು ಸುಮ್ಮನೆ ಬೆಳಕು. “ಎಲ್ಲರಿಗೂ ಆಗೇ ಆಗುತ್ತೆ ಅಂತ ಹೇಳಲ್ಲ. ಹನಿಯೂ ಜೊತೆಗೆ ಹಾಕ್ತಾ ಇರಬೇಕು. ಇದರಲ್ಲೂ ನಿಲ್ಲದಿದ್ದರೆ ಕಣ್ಣುಗುಡ್ಡೆಯ ಮೇಲ್ಪೊರೆಯನ್ನೇ ತೆಗೆದು, ಕಣ್ಣು ದಾನ ಮಾಡಿದವರದ್ದು ಹಾಕಬೇಕಾಗುತ್ತೆ. ಆಗ ಎಷ್ಟು ಕಾಣುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ.”

ನನ್ನ ತಲೆಯಲ್ಲಿ ಬಾಮೈದ ಹುಟ್ಟು ಹಿಡಿದು ನಿಂತಿದ್ದ.

“ಮತ್ತೆ ಕೇಳ್ತೀನಿ. ಬೇರೆ ಯಾವ ಹನಿಯೂ ಇಲ್ಲ ತಾನೆ?” ಅಂದರು ಡಾಕ್ಟರಮ್ಮ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, “ಇಲ್ಲ ಕಣವ್ವ. ನಾನೇ ಗಂಟೆಗ್ ಗಂಟೆಗೂ ಬುಡ್ತೀನಿ. ನನ್ ಕಣ್ ತಪ್ಸಿ ಒಂದ್ ತೊಟ್ಟೂ ಬೀಳಕಿಲ್ಲ” ಅಂದಳು. ಎದೆ ಮೇಲೆ ಕೈ ಇಟ್ಟು ಅಂದಳು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡುತ್ತಾ ಕೂತೆ.

ಅವತ್ತೇ ಮಲಗಿಸಿದರು. “ಭಯ ಬೇಡ, ದೀಪ ನೋಡ್ತಾ ಇದ್ರೆ ಸಾಕು” ಅಂದರು. “ಮೂವತ್ ವರ್ಸ ಬೆಂಕಿನೇ ನೋಡ್ತಾ ನಿಂತೋನು ನಾನು. ನಿಮ್ ದೀಪ ನನ್ಗ್ಯಾವ್ ಲೆಕ್ಕ ಕಣವ್ವ” ಅಂದೆ. ರೆಪ್ಪೆ ಮುಚ್ಚದ ಹಾಗೆ ಒಂದು ಕೊಕ್ಕೆ ಹಾಕಿದಾಗ ಆ ಮಾತು ಅರ್ಧ ಕಡಿಮೆಯಾಯಿತು. ಬಣ್ಣದ ಹನಿ ಬಿದ್ದಿತು. ಇಡೀ ಲೋಕದ ಮೇಲೆ ಯಾರೋ ಗುಲಾಬಿ ಶರಬತ್ತು ಸುರಿದ ಹಾಗೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಹನಿ, ಅರ್ಧ ಗಂಟೆ ಆಯಿತು. ಆಮೇಲೆ ಹಸಿರು ದೀಪ ಹೊತ್ತಿಸಿದರು. ನಾಟಿ ಗದ್ದೆಯನ್ನು ಹಿಂಡಿ ರಸ ತೆಗೆದು ಬೆಳಕು ಮಾಡಿದರೆ ಹಾಗಿರಬಹುದು.

ಸುಮ್ಮನಿರುವುದು ನನಗೆ ಬರುವುದಿಲ್ಲ. ಬೆಲ್ಲದ ಹದ ಹೇಗೆ ನೋಡುತ್ತಾರೆ ಅಂತ ಡಾಕ್ಟರಮ್ಮನಿಗೆ ಹೇಳಲು ಶುರು ಮಾಡಿದೆ.

“ಮಾತು ಬೇಡ, ಯಜಮಾನ್ರೇ. ನೀವು ಮಾತಾಡಿದ್ರೆ ಕಣ್ಣೂ ಕುಣಿಯುತ್ತೆ.”

ಬಾಯಿ ಮುಚ್ಚಿದ ಮೇಲೆ ತೊಡೆಗೆ ಏನೋ ಒತ್ತುತ್ತಿರುವುದು ತಿಳಿಯಿತು. ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಅಜ್ಜನ ಸೀಸೆ. ರೈಲಿನಲ್ಲಿ ನೋವು ಬಂದರೆ ಇರಲಿ ಅಂತ ಇಟ್ಟುಕೊಂಡಿದ್ದೆ. ಮೇಲೆ ಹಸಿರು ದೀಪ, ಕೆಳಗೆ ಸೀಸೆ, ನಡುವೆ ನಾನು. ಎಷ್ಟು ಹೊತ್ತಾಯಿತೋ ತಿಳಿಯದೆ, ನನ್ನ ಒಳಗಿನ ಲೆಕ್ಕದಲ್ಲಿ ಒಂದು ಪಾಕ ಇಳಿಸುವಷ್ಟು ಹೊತ್ತು ಆಗಿದೆ ಅನ್ನಿಸಿ, “ಹದ ಬಂದೈತೆ ಅನ್ಸ್ತದೆ ಕಣವ್ವ, ಇಳಿಸ್ಬುಡಿ” ಅಂದೆ.

ಅಲ್ಲಿದ್ದ ನರ್ಸಮ್ಮ ನಕ್ಕುಬಿಟ್ಟರು. ಡಾಕ್ಟರಮ್ಮ, “ಇನ್ನೂ ಐದು ನಿಮಿಷ. ತಳ ಹತ್ತಲ್ಲ, ನಾನು ನೋಡ್ಕೋತೀನಿ” ಅಂದರು.

ಸಂಜೆ ರೈಲಿಗೆ ಹತ್ತಿದೆವು. ಕಣ್ಣಿನ ಮೇಲೆ ತೂತಿರುವ ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗಿನಿಂದ ಗುಲಾಬಿ ಬಣ್ಣದ ನೀರು ಕೆನ್ನೆಗೆ ಇಳಿಯುತ್ತಿತ್ತು. ಮಂಡ್ಯ ದಾಟುವ ಹೊತ್ತಿಗೆ ಎದುರಿಗಿದ್ದ ಮುದುಕಿ, “ಅಯ್ಯೋ ಸಿವನೇ, ಈ ವಯ್ಯನ ಕಣ್ಣಲ್ ರಕ್ತ ಸುರೀತೈತೆ!” ಅಂತ ಚೀರಿದಳು. ನಾಲ್ಕು ಜನ ಎದ್ದು ಜಾಗ ಬಿಟ್ಟರು. ಹನಕೆರೆಯಲ್ಲಿ ಹತ್ತಿದವನೊಬ್ಬ ಯಾರು ಹೊಡೆದದ್ದು ಅಂತ ಕೇಳಿದ. “ಯಾರೂ ಒಡ್ದಿಲ್ಲ ಕಣಪ್ಪ, ಬಣ್ಣ ಅದು” ಅಂದಳು ನನ್ನ ಹೆಂಡತಿ. ಅವನು ನನ್ನನ್ನೂ ಅವಳನ್ನೂ ಒಂದು ಸಲ ನೋಡಿ, ಅವಳ ಬಳೆ ತೊಟ್ಟ ಗಟ್ಟಿ ಕೈಯನ್ನೂ ನೋಡಿ, ನಂಬದೆ ದೂರ ಹೋಗಿ ನಿಂತ. ಅವಳು ಮಾತ್ರ ಸೀಟಿನ ಮೇಲೆ ಕಾಲು ಮಡಚಿ ಆರಾಮಾಗಿ ಕೂತು, “ನಿನ್ ಕಣ್ಣಿಂದ ಇದೊಂದ್ ಉಪ್ಕಾರ ಆಯ್ತು ನೋಡು” ಅಂದಳು.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಅಜ್ಜ ನಮ್ಮ ಜಗಲಿಗೆ ಬಂದ.

“ಲೋ ಮಗಾ, ನನ್ ಸೀಸೆ ಕೊಡ್ಲಾ. ಮುಂದಿನ್ ವಾರ ಎಡಗಣ್ಣೂ ಮಾಡಿಸ್ತಾವ್ನಿ. ಅದೇ ಔಸ್ತಿ ಇರುವಾಗ ಇನ್ನೊಂದ್ ಯಾಕೆ?”

ನಾನು ಕಣ್ಸನ್ನೆ ಮಾಡಿದೆ. ನನಗೆ ತೆರೆದಿದ್ದದ್ದು ಒಂದೇ ಕಣ್ಣು, ಅಜ್ಜನಿಗೆ ಅದರ ಸನ್ನೆಯೂ ಸರಿಯಾಗಿ ಕಾಣಲಿಲ್ಲ.

ನನ್ನ ಹೆಂಡತಿ ಹನಿ ಬಿಡಲು ಬಂದವಳು ಬಾಗಿಲಲ್ಲೇ ನಿಂತಳು. “ಯಾವ್ ಸೀಸೆ ತಾತಾ?”

“ನಿನ್ ಗಂಡನ್ ಕಣ್ ವಾಸಿ ಮಾಡ್ತಿರೋ ಸೀಸೆ ಕಣವ್ವ! ತಿಂಗ್ಳಿಂದ ಬುಟ್ಕತಾವ್ನೆ. ಎಸ್ರು ಮಾತ್ರ ಆಸ್ಪತ್ರೆಯೋರು ತಕತಾವ್ರೆ.”

ಅವಳು ಕೂಗಾಡುತ್ತಾಳೆ ಅಂತ ಕಾದೆ. ಅವಳು ನನ್ನ ಮುಂದೆ ಕೈ ಚಾಚಿದಳು. ಜೇಬಿನಿಂದ ಸೀಸೆ ತೆಗೆದು ಕೊಟ್ಟೆ.

“ಅಂದ್ರೆ ಆ ಡಾಕ್ಟ್ರಮ್ಮನ್ ಮುಂದೆ ನನ್ ಬಾಯಲ್ಲಿ ಸುಳ್ ಆಡಿಸ್ದೆ” ಅಂದಳು. “ರಾತ್ರೆಲ್ಲ ಎದ್ದು ಎದ್ದು ನಾನ್ ಬುಟ್ಟಿದ್ದು ನೀರ್ಗೆ ಓಯ್ತು.”

ತಳ ಹತ್ತಿದ ದಿನಕ್ಕಿಂತ ನನಗೆ ಆ ಮಾತು ಹೆಚ್ಚು ಸುಟ್ಟಿತು. ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರಿಗೆ ನಾನೇ ಫೋನು ಮಾಡಬೇಕು, ನಾನೇ ಹೇಳಬೇಕು ಅಂದಳು. ಮಾಡಿದೆ. ಅವಳು ಮೊಬೈಲನ್ನು ಎಲ್ಲರಿಗೂ ಕೇಳುವ ಹಾಗೆ ಜಗಲಿಯ ಮೇಲೆ ಇಟ್ಟಳು. ಮೊದಲ ದಿನದಿಂದ ನಡೆದದ್ದನ್ನು ಪೂರ್ತಿ ಹೇಳಿದೆ.

“ಸೀಸೆ ಮೇಲಿನ ಹೆಸರು ಓದಿ” ಅಂದರು ಡಾಕ್ಟರಮ್ಮ.

ಇಂಗ್ಲಿಷು ಅಕ್ಷರಗಳನ್ನು ಒಂದೊಂದಾಗಿ ಹೇಳಿದೆ. ಏಳನೇ ಕ್ಲಾಸಿನವರೆಗೆ ಕಲಿತದ್ದು ಅಷ್ಟಕ್ಕಾದರೂ ಬಂತು.

“ಯಾವಾಗ ಓಪನ್ ಮಾಡಿದ್ದು?”

ನನಗಿಂತ ಮೊದಲೇ ಅಜ್ಜ ಮೊಬೈಲಿಗೆ ಬಗ್ಗಿ, “ಓದ್ ವರ್ಸ, ರಾಗಿ ಕುಯ್ಲಲ್ಲಿ!” ಅಂತ ಕೂಗಿದ.

“ಪಕ್ಕದಲ್ಲಿ ಯಾರು?”

“ಈ ಸೀಸೆ ಯಜಮಾನ್ರು ಕಣವ್ವ” ಅಂದೆ.

ಡಾಕ್ಟರಮ್ಮ ನಗಲಿಲ್ಲ. ಆಪರೇಷನ್ ಆದ ಕಣ್ಣಿನ ಊತ ಇಳಿಸಲು ಕೊಡುವ ಹನಿ ಅದು, ಊತದ ಜೊತೆಗೆ ಕಣ್ಣಿನ ಕಾವಲನ್ನೂ ಮಲಗಿಸುತ್ತದೆ, ಕಾವಲು ಮಲಗಿದ ಮನೆಯಲ್ಲಿ ಬೂಷ್ಟಿಗೆ ಹಬ್ಬ ಅಂದರು. ಸಾಲದ್ದಕ್ಕೆ, ಬಾಯಿ ತೆರೆದ ಸೀಸೆ ಒಂದು ತಿಂಗಳ ಮೇಲೆ ಇಡುವಂಥದ್ದೇ ಅಲ್ಲ. “ನಿಮ್ಮ ಬೂಷ್ಟು ಹಠಮಾರಿ ಅಂತ ನಾನು ಅಂದುಕೊಂಡಿದ್ದೆ. ನಾವು ಒಂದು ಕಡೆಯಿಂದ ಸಾಯಿಸ್ತಿದ್ವಿ, ನೀವು ಇನ್ನೊಂದು ಕಡೆಯಿಂದ ಸಾಕ್ತಿದ್ರಿ, ಯಜಮಾನ್ರೇ. ಆ ಹನಿ ಇನ್ನು ಮುಟ್ಟಬೇಡಿ. ನಾಳೆ ಬೆಳಿಗ್ಗೆ ಬನ್ನಿ. ಆ ತಾತನಿಗೂ ಹೇಳಿ, ಹಳೇ ಸೀಸೆ ಬೇಡ.”

ನನ್ನ ಹೆಂಡತಿ ಸೀಸೆಯನ್ನು ಒಲೆಗೆ ಹಾಕಿದಳು. ಅಜ್ಜ, “ಇನ್ನೂ ಎಂಟತ್ ತೊಟ್ಟಿತ್ತಲ್ಲವ್ವ” ಅಂತ ಒಲೆಯನ್ನೇ ನೋಡುತ್ತಾ ನಿಂತಿದ್ದ.

ಎರಡನೆಯ ಸಲ ಹಸಿರು ದೀಪದ ಕೆಳಗೆ ಮಲಗಿದಾಗ ನಾನು ತುಟಿ ಬಿಚ್ಚಲಿಲ್ಲ. ಆಮೇಲಿನ ವಾರಗಳಲ್ಲಿ ಗಂಟೆಗೊಂದು ಹನಿ, ವಾರಕ್ಕೊಂದು ಮೈಸೂರು. ಬಾಮೈದ ಒಂದು ಸಂಜೆ ತಾನು ಇಳಿಸಿದ ಬೆಲ್ಲದ ನಾಲ್ಕು ಪುಟ್ಟ ಅಚ್ಚು ತಂದು ಮುಂದಿಟ್ಟ. ನಾಲಿಗೆಗೆ ಹಾಕಿಕೊಂಡೆ. ಚೆನ್ನಾಗಿತ್ತು, ಅದೇ ಸಂಕಟ. “ಕಬ್ಬಿನ್ ಹಾಲ್ಗೆ ಸುಣ್ಣ ವಸಿ ಜಾಸ್ತಿ ಆಗೈತೆ ಕಣ್ಲಾ” ಅಂದೆ. “ಮೂರ್ ಅಚ್ ತಿಂದ್ಮೇಲ್ ಗೊತ್ತಾಯ್ತಾ?” ಅಂದಳು ಅವನ ಅಕ್ಕ.

ಚುಕ್ಕೆ ನಿಧಾನಕ್ಕೆ ಕುಗ್ಗಿತು. ಒಂದು ದಿನ ಡಾಕ್ಟರಮ್ಮ ಒಳ್ಳೆಯ ಕಣ್ಣು ಮುಚ್ಚಿಸಿ ದೂರದ ಹಲಗೆ ಓದಿಸಿದರು. ಮೇಲಿನ ಮೂರು ಸಾಲು ಓದಿದೆ. ನಾಲ್ಕನೆಯದಕ್ಕೆ ಬಾಯಿಗೆ ಬಂದ ಅಕ್ಷರ ಹೇಳಿ ದಾಟಿಬಿಡಬಹುದಿತ್ತು. “ಇದ್ರಿಂದ ಕೆಳಕ್ಕೆ ನನ್ಗೆ ಕಾಣಕಿಲ್ಲ” ಅಂದೆ. ಬೂಷ್ಟು ಸತ್ತಿದೆ, ಗಾಯದ ಕಲೆ ಉಳಿದಿದೆ, ಮಸುಕು ಇರುತ್ತದೆ, ಕಣ್ಣು ಉಳಿಯಿತು ಅಂದರು. ಕೆಲಸಕ್ಕೆ ಹೋಗಬಹುದು, ಆದರೆ ಕನ್ನಡಕ ಹಾಕದೆ ಕಬ್ಬಿನ ಹತ್ತಿರವೂ ಸುಳಿಯಬಾರದು.

ಕೊಪ್ಪರಿಗೆ ಮುಂದೆ ಮತ್ತೆ ನಿಂತ ದಿನ ಯಜಮಾನರು ಒಂದು ಮಾತು ಹೇಳಿದರು: “ಇದೊಂದ್ ಕೊಪ್ಪರಿಗೆ ಇಳ್ಸು, ನೋಡ್ಮಾ.” ಅಷ್ಟು ಹೇಳಿ ಹೊರಗೆ ಗಾಣದ ಹತ್ತಿರ ಹೋದರು. ಹುಟ್ಟು ನನ್ನ ಕೈಯಲ್ಲಿತ್ತು, ಪಕ್ಕದಲ್ಲಿ ಬಾಮೈದ ಇದ್ದ. ಪಾಕ ಉಕ್ಕಿ ಬಂತು, ಜೊತೆಗೆ ಆವಿಯೂ ಬಂತು. ಕನ್ನಡಕದ ಎರಡೂ ಗಾಜು ಬೆಳ್ಳಗಾದವು. ತೆಗೆದು ಒರೆಸಿದೆ, ಮತ್ತೆ ಬೆಳ್ಳಗಾದವು. ತೆಗೆದೇ ನೋಡೋಣ ಅಂತ ಕೈ ಎತ್ತಿದರೆ ರಸ್ತೆ ಕಡೆಯಿಂದ ನನ್ನ ಹೆಂಡತಿ, “ತಗ್ದ್ರೆ ನೋಡು!” ಅಂದಳು. ಬುತ್ತಿ ತಂದವಳು ಹೋಗದೆ ಅಲ್ಲೇ ನಿಂತಿದ್ದಳು.

ಬೇರೆ ದಾರಿ ಇರಲಿಲ್ಲ. ಮೂವತ್ತು ವರ್ಷದಲ್ಲಿ ಯಾರನ್ನೂ ಕೇಳದ ಮಾತು ಕೇಳಿದೆ.

“ಲೋ, ನೊರೆ ಎಂಗೈತ್ಲಾ?”

ನಾನು ಅವನನ್ನು ಪರೀಕ್ಷೆ ಮಾಡುತ್ತಿದ್ದೇನೆ ಅಂತ ತಿಳಿದು ಬಾಮೈದ ಬೆವತುಹೋದ. ಬಗ್ಗಿ, ಈ ಕಡೆಯಿಂದ ಒಂದು ಸಲ, ಆ ಕಡೆಯಿಂದ ಒಂದು ಸಲ ನೋಡಿದ. “ಸಣ್ ನೊರೆ ಬತ್ತಾ ಐತೆ ಬಾವ. ಇನ್ನ ವಸಿ... ಒಂದೆರಡ್ ನಿಮ್ಸ?”

ಹುಟ್ಟು ತಿರುಗಿಸುವ ಕೈಗೆ ಪಾಕದ ಬಿಗಿ ತಿಳಿಯುತ್ತಿತ್ತು. ನನಗೂ ಅಷ್ಟೇ ಅನ್ನಿಸಿತು. ಕಾದೆವು. ‘ಇಳಿಸ್ರಲಾ’ ಅಂತ ಇಬ್ಬರ ಬಾಯಿಂದಲೂ ಒಟ್ಟಿಗೆ ಬಂತು.

ಅಚ್ಚು ಗಟ್ಟಿಯಾದ ಮೇಲೆ ಯಜಮಾನರು ಒಂದನ್ನು ಮುರಿದು ನೋಡಿದರು. ಒಳಗೆ ಹೊಂಬಣ್ಣ. ಚೂರು ಬಾಯಿಗೆ ಹಾಕಿಕೊಂಡು, “ಯಾರ್ಲಾ ಹದ ನೋಡಿದ್ದು?” ಅಂದರು.

‘ನಾನೇ’ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಬಾಮೈದ ಪಂಚೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನೆಲ ನೋಡುತ್ತಿದ್ದ.

“ಇಬ್ರೂವೆ” ಅಂದೆ.

ಯಜಮಾನರು ತಲೆಯಾಡಿಸಿ, “ಅಂಗಾರೆ ನಾಳೆಯಿಂದ ಇಬ್ರೂ ಬನ್ನಿ” ಅಂದು ಹೋದರು. ಹುಟ್ಟು ನನ್ನ ಕೈಯಲ್ಲೇ ಇದೆ. ಬಾಮೈದ ಮಾತ್ರ ಅವತ್ತು ಸಂಜೆಯೊಳಗೆ, ಬಾವನಿಗೆ ಹದ ಹೇಳಿಕೊಟ್ಟವನು ತಾನೇ ಅಂತ ಊರಿನ ಎಲ್ಲ ಜಗಲಿಗೂ ತಿಳಿಸಿ ಬಂದಿದ್ದ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅವನನ್ನು ಮತ್ತೆ ಒಲೆಗೆ ಸಿಪ್ಪೆ ನೂಕಲು ಕಳಿಸಿದೆ, ಹದ ಬರುವ ಹೊತ್ತಿಗೆ ಕೂಗಿ ಕರೆದೆ.